ಹೋಂ ಥಿಯೇಟರ್ ರಿಸೀವರ್

ಹೋಂ ಥಿಯೇಟರ್ ರಿಸೀವರ್ ಎಂಬುದು ರೇಡಿಯೊ ಟ್ಯೂನರ್, ಪ್ರಿಆಂಪ್ಲಿಫೈಯರ್, ಪವರ್ ಆಂಪ್ಲಿಫೈಯರ್, ಸರೌಂಡ್ ಡಿಕೋಡರ್ ಮತ್ತು ವಿಡಿಯೊ ಸ್ವಿಚ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಿದ ಸಾಧನ. ಎವಿ ರಿಸೀವರ್ ಎಂದೂ ಇದನ್ನು ಕರೆಯುತ್ತಾರೆ. ಡಿಸ್ಕ್ ಪ್ಲೇಯರ್, ಟಿವಿ, ಸೆಟ್‌ಟಾಪ್ ಬಾಕ್ಸ್, ಅಂತರಜಾಲ ಮೊದಲಾದ ಮೂಲಗಳಿಂದ ಬರುವ ಸಂಕೇತವನ್ನು ಬಿಡಿಸಿ, ವರ್ಧಿಸಿ, ಕೋಣೆಯ ಸ್ಪೀಕರ್‌ಗಳಿಗೆ ಹಂಚುವುದು ಇದರ ಕೆಲಸ. ರಿಸೀವರ್ ಹುಟ್ಟಿದ್ದು ಸಂಗೀತಕ್ಕಾಗಿ. ಸಿನಿಮಾ ಅದರೊಳಗೆ ಸೇರಿದ್ದು ಸುಮಾರು ಮೂರು ದಶಕಗಳ ಬಳಿಕ. ಸ್ಟೀರಿಯೊ ಸಂಗೀತ ಎರಡು ಸ್ಪೀಕರ್‌ಗಳಿಗೆಂದೇ ಸಿದ್ಧವಾಗುತ್ತದೆ, ನಡುವೆ ಯಾವ ಸಂಸ್ಕರಣೆಯನ್ನೂ ಬಯಸುವುದಿಲ್ಲ. ಸಿನಿಮಾದಲ್ಲಿ ಮಾತು ಪರದೆಯ ನಡುವಿನಿಂದ ಬರಬೇಕು, ಪರಿಸರದ ಸದ್ದು ಪ್ರೇಕ್ಷಕರನ್ನು ಸುತ್ತುವರಿಯಬೇಕು, ಸ್ಫೋಟದ ಮಂದ್ರ ಧ್ವನಿಗೆ ಬೇರೆಯೇ ಬಲ ಬೇಕು. ಈ ಎರಡು ಬೇಡಿಕೆಗಳನ್ನು ಒಂದೇ ಯಂತ್ರದಲ್ಲಿ ಪೂರೈಸುವ ಯತ್ನವೇ ರಿಸೀವರಿನ ಇತಿಹಾಸ. ಅದರ ಸೆಟಪ್ ಮೆನುವಿನ ಬಹುತೇಕ ಆಯ್ಕೆಗಳು ಆ ಯತ್ನದ ಒಂದೊಂದು ಹಂತದಲ್ಲಿ ಸೇರಿಕೊಂಡಂಥವು.

ಸ್ಟೀರಿಯೊ ರಿಸೀವರ್

ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ. ಗ್ರಾಮಫೋನ್ ತಟ್ಟೆ, ಸಿನಿಮಾ ಎರಡೂ ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಸ್ಟೀರಿಯೊ ಎಲ್‌ಪಿ ತಟ್ಟೆಗಳು ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1958ರಿಂದೀಚೆಗೆ. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ ಆರಂಭವಾದದ್ದು 1961ರಲ್ಲಿ. ಇದಕ್ಕೂ ಮೊದಲು ಉತ್ತಮ ಧ್ವನಿ ಬಯಸುವವರು ಟ್ಯೂನರ್, ಪ್ರಿಆಂಪ್, ಪವರ್ ಆಂಪ್‌ಗಳನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಳ್ಳುತ್ತಿದ್ದರು. ಹಾರ್ಮನ್ ಕಾರ್ಡನ್ ಸಂಸ್ಥೆ 1954ರಲ್ಲಿ ತಂದ ಫೆಸ್ಟಿವಲ್ ಡಿ1000 ಈ ಮೂರನ್ನೂ ಒಂದುಗೂಡಿಸಿತು.

ಟ್ರಾನ್ಸಿಸ್ಟರ್ ಬಂದ ಮೇಲೆ ಪೆಟ್ಟಿಗೆಯ ತೂಕ, ಶಾಖ, ಬೆಲೆ ಇಳಿದವು. 1970ರ ದಶಕದಲ್ಲಿ ಪಯೋನಿಯರ್, ಸ್ಯಾನ್‌ಸುಯಿ, ಕೆನ್‌ವುಡ್, ಯಮಾಹಾ ಮೊದಲಾದ ಜಪಾನಿ ಕಂಪನಿಗಳು ಮುಂಚೂಣಿಗೆ ಬಂದವು. ವ್ಯಾಟ್‌ಗಳ ಪೈಪೋಟಿಯಲ್ಲಿ ಉತ್ಪ್ರೇಕ್ಷೆ ಮಿತಿಮೀರಿದಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ಶಕ್ತಿಯನ್ನು ಅಳೆದು ಪ್ರಕಟಿಸುವುದಕ್ಕೆ ನಿಯಮ ರೂಪಿಸಿತು. ಏಳೆಂಟು ಚಾನೆಲ್‌ಗಳ ರಿಸೀವರ್‌ಗಳ ವಿವರಪಟ್ಟಿಯಲ್ಲಿ ಇಂದಿಗೂ ಎರಡೇ ಚಾನೆಲ್ ದುಡಿಯುವಾಗಿನ ಅಂಕಿಯನ್ನು ಕೊಡುವ ರೂಢಿಯಿದೆ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ದುಡಿದಾಗ ಒಂದೊಂದಕ್ಕೆ ಸಿಗುವ ಶಕ್ತಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಕ್ವಾಡ್ರಫೋನಿಕ್ ಪ್ರಯೋಗ

ಎರಡಕ್ಕಿಂತ ಹೆಚ್ಚು ಸ್ಪೀಕರ್‌ಗಳನ್ನು ಮನೆಗೆ ತರುವ ಮೊದಲ ದೊಡ್ಡ ಯತ್ನ ನಡೆದದ್ದು ಸಂಗೀತದ ಹೆಸರಿನಲ್ಲೇ. 1970ರ ದಶಕದ ಆರಂಭದಲ್ಲಿ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಡುವ ಕ್ವಾಡ್ರಫೋನಿಕ್ ಪದ್ಧತಿ ಬಂತು. ಸಿಬಿಎಸ್‌ನ ಎಸ್‌ಕ್ಯು, ಸ್ಯಾನ್‌ಸುಯಿಯ ಕ್ಯುಎಸ್, ಜೆವಿಸಿಯ ಸಿಡಿ-4 ವಿಧಾನಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವ ತಟ್ಟೆಗೆ ಯಾವ ಡಿಕೋಡರ್ ಎಂಬ ಗೊಂದಲಕ್ಕೆ ಗ್ರಾಹಕರು ಬೇಸತ್ತರು. ದಶಕ ಮುಗಿಯುವುದರೊಳಗೆ ಪದ್ಧತಿ ಮೂಲೆಗುಂಪಾಯಿತು. ಆದರೆ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಹುದುಗಿಸಿ ಮತ್ತೆ ಬಿಡಿಸುವ ಮ್ಯಾಟ್ರಿಕ್ಸ್ ತಂತ್ರ ಸಿನಿಮಾದಲ್ಲಿ ಉಳಿದು ಬೆಳೆಯಿತು.

ಚಿತ್ರಮಂದಿರದಿಂದ ಮನೆಗೆ

ಚಿತ್ರಮಂದಿರದಲ್ಲಿ ಬಹುಚಾನೆಲ್ ಧ್ವನಿ ಹಳೆಯದು. ಡಿಸ್ನಿಯ ‘ಫ್ಯಾಂಟೇಸಿಯಾ’ (1940) ಅದಕ್ಕೆಂದೇ ವಿಶೇಷ ವ್ಯವಸ್ಥೆ ಮಾಡಿಕೊಂಡಿತ್ತು. ಸಿನಿಮಾಸ್ಕೋಪ್‌ನ ‘ದಿ ರೋಬ್’ (1953) ನಾಲ್ಕು ಕಾಂತೀಯ ಧ್ವನಿಪಥಗಳನ್ನು ಹೊಂದಿತ್ತು. ಕಾಂತೀಯ ಪ್ರತಿಗಳ ದುಬಾರಿ ವೆಚ್ಚದಿಂದಾಗಿ ಈ ಸೌಲಭ್ಯ ಆಯ್ದ ಚಿತ್ರಗಳಿಗಷ್ಟೇ ಸೀಮಿತವಾಯಿತು. ವಿಶ್ವಸಂಸ್ಥೆಯ ತಾಂತ್ರಿಕ ಸಲಹೆಗಾರನಾಗಿ ಭಾರತದಲ್ಲಿ ಎರಡು ವರ್ಷ ದುಡಿದ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಸಂಸ್ಥೆ ಇದಕ್ಕೆ ಪರಿಹಾರ ಕಂಡುಕೊಂಡಿತು. 1970ರ ದಶಕದ ನಡುವಿನಲ್ಲಿ ಬಂದ ಡಾಲ್ಬಿ ಸ್ಟೀರಿಯೊ, ಅಗ್ಗದ ದೃಗ್‌ಧ್ವನಿಪಥ ಎರಡರಲ್ಲೇ ಎಡ, ನಡು, ಬಲ, ಸರೌಂಡ್ ಎಂಬ ನಾಲ್ಕು ಚಾನೆಲ್‌ಗಳನ್ನು ಮ್ಯಾಟ್ರಿಕ್ಸ್ ಮೂಲಕ ಸೇರಿಸಿತು. ‘ಸ್ಟಾರ್ ವಾರ್ಸ್’ (1977) ಅದನ್ನು ಜನಪ್ರಿಯಗೊಳಿಸಿತು.

ಸ್ಟೀರಿಯೊ ವಿಡಿಯೊ ಕ್ಯಾಸೆಟ್, ಲೇಸರ್‌ಡಿಸ್ಕ್‌ಗಳಿಗೆ ಚಿತ್ರವನ್ನು ಇಳಿಸಿದಾಗ ಆ ಹುದುಗಿಸಿದ ಸಂಕೇತವೂ ಹಾಗೇ ಮನೆಗೆ ಬಂತು. ಅದನ್ನು ಬಿಡಿಸುವ ಡಾಲ್ಬಿ ಸರೌಂಡ್ ಡಿಕೋಡರ್ 1982ರಲ್ಲೂ, ನಡುವಿನ ಸ್ಪೀಕರ್‌ಗೆ ಮಾತನ್ನು ಸ್ಪಷ್ಟವಾಗಿ ತಿರುಗಿಸುವ ಪ್ರೊ ಲಾಜಿಕ್ 1987ರಲ್ಲೂ ಬಂದವು. ಸ್ಟೀರಿಯೊ ರಿಸೀವರ್ ಹೋಂ ಥಿಯೇಟರ್ ರಿಸೀವರಾಗಿ ಬದಲಾದದ್ದು ಈ ಘಟ್ಟದಲ್ಲಿ. ಇದೇ ಅವಧಿಯಲ್ಲಿ ಯಮಾಹಾ ಬೇರೆ ದಾರಿ ಹಿಡಿಯಿತು. ಅದರ ಡಿಎಸ್‌ಪಿ-1 (1986) ನಿಜವಾದ ಸಭಾಂಗಣಗಳ ಪ್ರತಿಫಲನಗಳ ಅಳತೆಯನ್ನು ಆಧರಿಸಿ ಸಂಗೀತಕ್ಕೆ ಆವರಣದ ಅನುಭವ ಸೇರಿಸುತ್ತಿತ್ತು. ಇಂದಿನ ರಿಸೀವರ್‌ಗಳಲ್ಲಿರುವ ‘ಹಾಲ್’, ‘ಜಾಝ್ ಕ್ಲಬ್’ ಬಗೆಯ ಆಯ್ಕೆಗಳು ಆ ಪರಂಪರೆಯವು. ಲ್ಯೂಕಾಸ್‌ಫಿಲ್ಮ್‌ನಲ್ಲಿ ಟಾಮ್ಲಿನ್‌ಸನ್ ಹೋಲ್ಮನ್ ರೂಪಿಸಿದ ಟಿಎಚ್‌ಎಕ್ಸ್ ಮಾನದಂಡದ ಗೃಹ ಆವೃತ್ತಿಯು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಮಂದ್ರಕ್ಕೆ ಮೀಸಲಾದ ಸಬ್‌ವೂಫರ್ ಸ್ಪೀಕರ್‌ಗೆ ಕಳಿಸುವ ಪದ್ಧತಿಯನ್ನು ಬಳಕೆಗೆ ತಂದಿತು.

5.1ರ ಕಾಲ

ಚಿತ್ರಮಂದಿರಕ್ಕೆ ಡಾಲ್ಬಿ ಡಿಜಿಟಲ್ ‘ಬ್ಯಾಟ್‌ಮನ್ ರಿಟರ್ನ್ಸ್’ (1992) ಮೂಲಕ, ಡಿಟಿಎಸ್ ‘ಜುರಾಸಿಕ್ ಪಾರ್ಕ್’ (1993) ಮೂಲಕ ಬಂದವು. 1995ರಲ್ಲಿ ಲೇಸರ್‌ಡಿಸ್ಕ್‌ಗೆ, 1996ರ ಕೊನೆಗೆ ಜಪಾನಿನಲ್ಲಿ ಬಿಡುಗಡೆಯಾದ ಡಿವಿಡಿಗೆ ಈ ಡಿಜಿಟಲ್ ಧ್ವನಿ ದಾಟಿತು. ಐದು ಪೂರ್ಣ ಚಾನೆಲ್, ಜೊತೆಗೆ 120 ಹರ್ಟ್ಸ್‌ವರೆಗಿನ ಮಂದ್ರ ಪರಿಣಾಮಗಳಿಗೆ ಮೀಸಲಾದ ಎಲ್‌ಎಫ್‌ಇ ಚಾನೆಲ್ ಇದರ ವಿನ್ಯಾಸ. ಎಲ್‌ಎಫ್‌ಇ ಚಾನೆಲ್ಲನ್ನು ಇತರ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚು ಬಲದಲ್ಲಿ ನುಡಿಸುವಂತೆ ವ್ಯವಸ್ಥೆಯಿದೆ.

ಬಹುಚಾನೆಲ್ ಸಂಗೀತವೂ ಮರಳಿ ಬಂತು. ಎಸ್‌ಎಸಿಡಿ (1999), ಡಿವಿಡಿ-ಆಡಿಯೊ (2000) ಡಿಸ್ಕ್‌ಗಳ ಧ್ವನಿಯನ್ನು ನಕಲಿನ ಭಯದಿಂದ ಡಿಜಿಟಲ್ ತಂತಿಯಲ್ಲಿ ಹೊರಬಿಡದೆ, ಆರು ಅನಲಾಗ್ ತಂತಿಗಳಲ್ಲಿ ರಿಸೀವರ್‌ಗೆ ಒಯ್ಯಬೇಕಿತ್ತು. ಆ ಒಳದಾರಿಗೆ ಹಲವು ರಿಸೀವರ್‌ಗಳಲ್ಲಿ ಮಂದ್ರ ಧ್ವನಿಯ ಹಂಚಿಕೆಯಾಗಲಿ ದೂರದ ತಿದ್ದುಪಡಿಯಾಗಲಿ ಅನ್ವಯವಾಗುತ್ತಿರಲಿಲ್ಲ. ಹೀಗಾಗಿ ಒಂದೇ ಸ್ಪೀಕರ್ ಜೋಡಣೆ ಸಿನಿಮಾಕ್ಕೆ ಒಂದು ರೀತಿ, ಸಂಗೀತಕ್ಕೆ ಇನ್ನೊಂದು ರೀತಿ ನುಡಿಯುತ್ತಿತ್ತು. 2000ದಲ್ಲಿ ಬಂದ ಪ್ರೊ ಲಾಜಿಕ್ 2 ಈ ಭೇದವನ್ನು ಮೆನುವಿನಲ್ಲೇ ಒಪ್ಪಿಕೊಂಡಿತು. ಜಿಮ್ ಫಾಸ್‌ಗೇಟ್ ರೂಪಿಸಿದ ಈ ಡಿಕೋಡರ್‌ನಲ್ಲಿ ‘ಮೂವಿ’, ‘ಮ್ಯೂಸಿಕ್’ ಎಂಬ ಎರಡು ಬಗೆಗಳಿದ್ದವು. ಎರಡನೆಯದರಲ್ಲಿ ನಡುವಿನ ಚಾನೆಲ್ಲನ್ನು ಎಡಬಲಕ್ಕೆ ಎಷ್ಟು ಹರಡಬೇಕೆಂಬುದನ್ನು ಕೇಳುಗರೇ ನಿರ್ಧರಿಸಬಹುದಿತ್ತು.

ಹೊಂದಿಸುವ ಕ್ರಮ

ರಿಸೀವರನ್ನು ಎರಡೂ ಬಳಕೆಗೆ ಸಜ್ಜುಗೊಳಿಸುವ ಕೆಲಸ ಸ್ಪೀಕರ್‌ಗಳ ಸ್ಥಾನದಿಂದ ಆರಂಭವಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಎಡ ಮತ್ತು ಬಲ ಸ್ಪೀಕರ್‌ಗಳು ಕೇಳುಗರ ನೇರ ದೃಷ್ಟಿಯಿಂದ 30 ಡಿಗ್ರಿಯಲ್ಲಿ, ಸರೌಂಡ್ ಸ್ಪೀಕರ್‌ಗಳು 100ರಿಂದ 120 ಡಿಗ್ರಿಯೊಳಗೆ ಇರಬೇಕು. ಮುಂದಿನ ಜೋಡಿಗೆ ಹೇಳಿದ ಕೋನ ಸ್ಟೀರಿಯೊ ಸಂಗೀತಕ್ಕೂ ಅದೇ ಆದ್ದರಿಂದ ಇಲ್ಲಿ ರಾಜಿಯ ಅಗತ್ಯವಿಲ್ಲ.

ಆಮೇಲಿನದು ದೂರ, ಮಟ್ಟ ಮತ್ತು ಕ್ರಾಸ್‌ಓವರ್. ಶಬ್ದವು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರನ್ನು ದೂರದ ವ್ಯತ್ಯಾಸಕ್ಕೆ ತಕ್ಕಷ್ಟು ತಡೆದು ನುಡಿಸಿದರೆ ಎಲ್ಲವೂ ಒಟ್ಟಿಗೆ ಕಿವಿ ಮುಟ್ಟುತ್ತವೆ. ಪರೀಕ್ಷಾ ಶಬ್ದವು ಕೂರುವ ಜಾಗದಲ್ಲಿ ಪ್ರತಿ ಸ್ಪೀಕರ್‌ನಿಂದಲೂ ಸಮನಾಗಿ, ರೂಢಿಯಂತೆ 75 ಡೆಸಿಬೆಲ್, ಕೇಳಬೇಕು. ಸ್ಪೀಕರನ್ನು ‘ಸ್ಮಾಲ್’ ಎಂದು ಗುರುತಿಸಿದರೆ ಕ್ರಾಸ್‌ಓವರ್ ಎಂಬ ಗಡಿ ಆವರ್ತನಕ್ಕಿಂತ ಕೆಳಗಿನ ಧ್ವನಿ ಸಬ್‌ವೂಫರ್‌ಗೆ ಹೋಗುತ್ತದೆ. ಇದು ಪೆಟ್ಟಿಗೆಯ ಗಾತ್ರದ ಮಾತಲ್ಲ, ಮಂದ್ರದ ಹೊಣೆ ಯಾರದೆಂಬ ನಿರ್ಧಾರ.

ಈ ಅಳತೆಗಳನ್ನು 2000ದ ದಶಕದಿಂದ ರಿಸೀವರೇ ಮೈಕ್ರೊಫೋನ್ ನೆರವಿನಿಂದ ಮಾಡಿಕೊಳ್ಳುತ್ತದೆ. ಪಯೋನಿಯರ್‌ನ ಎಂಸಿಎಸಿಸಿ, ಯಮಾಹಾದ ವೈಪಿಎಒ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ಆಡಿಸ್ಸಿ, ಸ್ವೀಡನ್ನಿನ ಡಿರಾಕ್ ಇವುಗಳಲ್ಲಿ ಪ್ರಮುಖ. ಕೋಣೆಯ ಗೋಡೆಗಳು ಉಂಟುಮಾಡುವ ಏರಿಳಿತಗಳನ್ನೂ ಇವು ಒಂದು ಮಿತಿಯವರೆಗೆ ತಿದ್ದುತ್ತವೆ.

ಇಷ್ಟು ತಳಪಾಯ ಎರಡಕ್ಕೂ ಸಮಾನ, ಮುಂದಿನದು ಬೇರೆಯಾಗುತ್ತದೆ. ಸಂಗೀತಕ್ಕೆ ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಬಗೆ ಸಲ್ಲುತ್ತದೆ. ಆದರೆ ‘ಪ್ಯೂರ್ ಡೈರೆಕ್ಟ್’ ಹಲವು ಮಾದರಿಗಳಲ್ಲಿ ಕೋಣೆಯ ತಿದ್ದುಪಡಿಯನ್ನೂ ಸಬ್‌ವೂಫರನ್ನೂ ಬಿಟ್ಟುಬಿಡುವುದರಿಂದ ಚಿಕ್ಕ ಸ್ಪೀಕರ್‌ಗಳಿರುವ ಮನೆಗೆ ‘ಸ್ಟೀರಿಯೊ’ ಬಗೆಯೇ ಅನುಕೂಲ. ಸಿನಿಮಾಕ್ಕೆ ಮೂಲದಲ್ಲಿರುವ ಡಿಕೋಡಿಂಗ್, ತುಟಿ ಮತ್ತು ಮಾತಿನ ಹೊಂದಿಕೆ, ರಾತ್ರಿಯಲ್ಲಿ ಸದ್ದಿನ ಏರಿಳಿತ ತಗ್ಗಿಸುವ ಸೌಲಭ್ಯ ಮುಖ್ಯ. ಪ್ರತಿ ಇನ್‌ಪುಟ್‌ಗೂ ಕೊನೆಯ ಬಗೆಯನ್ನು ನೆನಪಿಡುವ ರಿಸೀವರ್‌ಗಳಲ್ಲಿ ಈ ಬದಲಾವಣೆಯನ್ನು ಮತ್ತೆ ಮತ್ತೆ ಮಾಡಬೇಕಾಗಿಲ್ಲ.

ಎಚ್‌ಡಿಎಂಐ ಮತ್ತು ಅಟ್ಮಾಸ್

2002ರ ಕೊನೆಯಲ್ಲಿ ರೂಪುಗೊಂಡ ಎಚ್‌ಡಿಎಂಐ ಚಿತ್ರ, ಧ್ವನಿಗಳನ್ನು ಒಂದೇ ತಂತಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಡಿವಿಡಿ-ಆಡಿಯೊ, ಎಸ್‌ಎಸಿಡಿ ಧ್ವನಿಗಳೂ ಅದರಲ್ಲಿ ಸೇರಿದ್ದರಿಂದ ಆರು ತಂತಿಗಳ ಕಾಟ ತಪ್ಪಿತು. 2006ರ 1.3 ಆವೃತ್ತಿ ಬ್ಲೂ-ರೇ ಡಿಸ್ಕ್‌ನ ನಷ್ಟರಹಿತ ಧ್ವನಿಯನ್ನು ಒಯ್ದಿತು, 2009ರ 1.4 ಆವೃತ್ತಿಯ ಎಆರ್‌ಸಿ ಟಿವಿಯ ಧ್ವನಿಯನ್ನು ಅದೇ ತಂತಿಯಲ್ಲಿ ರಿಸೀವರ್‌ಗೆ ಹಿಂತಿರುಗಿಸಿತು.

‘ಬ್ರೇವ್’ (2012) ಚಿತ್ರದೊಂದಿಗೆ ಬಂದ ಡಾಲ್ಬಿ ಅಟ್ಮಾಸ್ ಚಾನೆಲ್ ಎಂಬ ಲೆಕ್ಕವನ್ನೇ ಸಡಿಲಿಸಿತು. ಒಂದೊಂದು ಧ್ವನಿವಸ್ತುವಿನ ಸ್ಥಾನವನ್ನು ಮಾಹಿತಿಯಾಗಿ ದಾಖಲಿಸಿ, ಅದನ್ನು ಯಾವ ಸ್ಪೀಕರ್‌ಗೆ ಹಂಚಬೇಕೆಂಬುದನ್ನು ನುಡಿಸುವ ಯಂತ್ರಕ್ಕೇ ಬಿಡುವುದು ಇದರ ತತ್ತ್ವ. 2014ರಲ್ಲಿ ಇದು ರಿಸೀವರ್‌ಗಳಿಗೆ ಬಂದಾಗ ಛಾವಣಿಯ ಸ್ಪೀಕರ್‌ಗಳೂ ಸೇರಿದವು. ಮರುವರ್ಷ ಡಿಟಿಎಸ್:ಎಕ್ಸ್ ಬಂತು. 2021ರಲ್ಲಿ ಆ್ಯಪಲ್ ಮ್ಯೂಸಿಕ್ ಅಟ್ಮಾಸ್ ಹಾಡುಗಳನ್ನು ನೀಡತೊಡಗಿದ ಮೇಲೆ ಸುತ್ತಲಿನ ಸ್ಪೀಕರ್‌ಗಳಿಗೆಂದೇ ಮಿಶ್ರಣವಾದ ಸಂಗೀತ ಡಿಸ್ಕ್‌ನ ಹಂಗಿಲ್ಲದೆ ಮನೆಗೆ ತಲುಪುತ್ತಿದೆ.

ಈ ನಡುವೆ ಸೌಂಡ್‌ಬಾರ್‌ಗಳಿಂದಾಗಿ ರಿಸೀವರ್ ಮಾರುಕಟ್ಟೆ ಕುಗ್ಗಿತು. ಪಯೋನಿಯರ್ ತನ್ನ ಗೃಹ ಆಡಿಯೊ ವ್ಯವಹಾರವನ್ನು 2015ರಲ್ಲಿ ಆಂಕ್ಯೋಗೆ ಒಪ್ಪಿಸಿತು. ಆಂಕ್ಯೋದ ಮೂಲ ಸಂಸ್ಥೆ 2022ರಲ್ಲಿ ದಿವಾಳಿಯಾಗಿ, ಬ್ರ್ಯಾಂಡ್ ಬೇರೆಯವರ ಒಡೆತನದಲ್ಲಿ ಮುಂದುವರಿಯಿತು. ಡೆನಾನ್, ಮರಾಂಟ್ಸ್, ಯಮಾಹಾ, ಸೋನಿ ಹೆಸರಿನ ರಿಸೀವರ್‌ಗಳೂ ಬಳಕೆಯಲ್ಲಿವೆ. ಧ್ವನಿಮುದ್ರಿತ ಸಂಗೀತದ ಬಹುಭಾಗ ಈಗಲೂ ಎರಡು ಚಾನೆಲ್‌ನದೇ ಆಗಿರುವುದರಿಂದ, ಹನ್ನೊಂದು ಚಾನೆಲ್‌ಗಳ ರಿಸೀವರ್‌ನಲ್ಲೂ ಸ್ಟೀರಿಯೊ ಬಗೆ ಪ್ರತ್ಯೇಕವಾಗಿ ಉಳಿದುಕೊಂಡಿದೆ.