ಹಗೇವಿನ ಲೆಕ್ಕ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಓದಿದವರು ಅಲ್ಲಿನ ವ್ಯಾಜ್ಯವನ್ನು ಮರೆತಿರಲಾರರು. ಧಾನ್ಯಗಳಲ್ಲಿ ಯಾವುದು ಮೇಲೆಂದು ಬತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ಶ್ರೀರಾಮನು ಒಡನೆಯೇ ತೀರ್ಪು ಹೇಳದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದ ಮೇಲೆ ನೋಡಿದರೆ ಬತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಈ ಕಾವ್ಯದಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಮೇಲುಕೀಳುಗಳ ವಿಡಂಬನೆಯನ್ನು. ಅದು ಸರಿಯೇ. ಆದರೆ ರಾಮನು ಆರಿಸಿಕೊಂಡ ಪರೀಕ್ಷೆಯ ಬಗೆಯೂ ಗಮನಾರ್ಹವಾದದ್ದು. ಬಣ್ಣ ಯಾವುದರದು ಚೆನ್ನ, ರುಚಿ ಯಾವುದರದು ಹೆಚ್ಚು ಎಂದು ಅವನು ಕೇಳಲಿಲ್ಲ. ಇಟ್ಟರೆ ಕೆಡದೆ ಉಳಿಯುವುದು ಯಾವುದು ಎಂದು ನೋಡಿದನು. ಇದು ಸಂಸಾರಿಯ ಪ್ರಶ್ನೆ. ಬರವನ್ನು ಕಂಡ ನಾಡಿನ ಪ್ರಶ್ನೆ.

ನಮ್ಮ ಬಯಲುಸೀಮೆಯ ರೈತ ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಹಗೇವು. ನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಗುಳಿ ತೋಡುತ್ತಿದ್ದರು. ಒಳಗೋಡೆಗೆ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಗುಳಿಯೊಳಗೆ ಕಾಳೂ ಹುಳವೂ ಉಸಿರಾಡಿ ಇದ್ದ ಪ್ರಾಣವಾಯು ತೀರುತ್ತದೆ. ಬಳಿಕ ಅಲ್ಲಿ ಹುಳ ಬದುಕಲಾರದು. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಹಾಗಾಗಿ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಇದೇ ಕಾರಣದಿಂದ ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯಬಾರದೆಂಬ ಕಟ್ಟಳೆಯೂ ಇತ್ತು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯುವಂತಿಲ್ಲ. ಅವಸರಪಟ್ಟು ಇಳಿದು ಪ್ರಾಣ ಕಳೆದುಕೊಂಡವರೂ ಉಂಟು. ರಸಾಯನಶಾಸ್ತ್ರದ ಹೆಸರುಗಳನ್ನು ಅರಿಯದವರು ದೀಪದ ಭಾಷೆಯನ್ನು ಅರಿತಿದ್ದರು.

ಮಳೆ ಹೆಚ್ಚಾದ ಕರಾವಳಿಯಲ್ಲಿ ನೆಲದೊಳಗೆ ಕಾಳು ಇಡುವುದು ಸಾಗದು. ಅಲ್ಲಿ ಅಕ್ಕಿಗೆ ಬೈಹುಲ್ಲಿನ ಮುಡಿ, ಬತ್ತಕ್ಕೆ ಮರದ ಪತ್ತಾಯ. ಇನ್ನು ಮನೆಯೊಳಗಿನ ಸಂಗ್ರಹವೆಲ್ಲ ಹೆಂಗಸರ ಶಾಸ್ತ್ರ. ಬೇಳೆಗೆ ಹರಳೆಣ್ಣೆಯ ಲೇಪ, ಕಾಳಿನ ನಡುವೆ ಒಣಗಿದ ಬೇವಿನೆಲೆ, ಉಪ್ಪಿನಲ್ಲಿ ಮಾವಿನ ಮಿಡಿ, ಬೇಸಗೆಯ ಬಿಸಿಲಿಗೆ ಹಪ್ಪಳ ಸಂಡಿಗೆ, ಮಳೆ ಹಿಡಿಯುವ ಮೊದಲೇ ಒಣಗಿದ ಸೌದೆ. ಇವುಗಳ ಲೆಕ್ಕ ಯಾವ ಕಡತದಲ್ಲಿಯೂ ಸಿಕ್ಕುವುದಿಲ್ಲ. ಆದರೆ ಸಂಸಾರಗಳು ಮಳೆಗಾಲವನ್ನು ದಾಟಿದ್ದು ಈ ಲೆಕ್ಕದಿಂದಲೇ.

ಹೀಗೆಂದು ಹಿಂದಿನ ಕಾಲವನ್ನು ಹೊಗಳಿ ಮುಗಿಸಿದರೆ ಚರಿತ್ರೆಗೆ ಅಪಚಾರವಾದೀತು. 1875ರಲ್ಲಿ ಮಳೆ ಕಡಮೆಯಾಯಿತು, 1876ರಲ್ಲಿ ಪೂರ್ತಿ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲಿಯೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳಾದ ಮೇಲೆ, ಬೆಳೆಯಬೇಕಾಗಿದ್ದ ಆ ಸಂಖ್ಯೆ 41,86,188ಕ್ಕೆ ಇಳಿದಿತ್ತು. ಒಂದು ವರ್ಷದ ಕೊರತೆಯನ್ನು ತುಂಬಬಲ್ಲ ಹಗೇವು ಬೆನ್ನಿಗೇ ಬಂದ ಇನ್ನೊಂದು ವರ್ಷಕ್ಕೆ ಬರಿದಾಗದೆ ಇದ್ದೀತೆ? ಅದಕ್ಕಿಂತ ಕಠಿನವಾದ ಮಾತೊಂದಿದೆ. ಹಗೇವು ಇದ್ದುದು ಹೊಲ ಇದ್ದವನ ಮನೆಯಲ್ಲಿ. ಅಂದಿನ ಕೂಲಿಯಿಂದ ಅಂದಿನ ಹಿಟ್ಟು ಕೊಳ್ಳುತ್ತಿದ್ದವನಿಗೆ ಕೂಡಿಡಲು ಉಳಿಯುತ್ತಿದ್ದುದೇನು? ಬೆಳೆ ಹೋದಾಗ ಅವನಿಗೆ ಕೆಲಸವೂ ಹೋಯಿತು, ಧಾನ್ಯದ ಬೆಲೆಯೂ ಕೈಗೆಟುಕದಾಯಿತು. ಮುಂದಾಲೋಚನೆ ಇರಲಿಲ್ಲವೆಂದು ಅವನನ್ನು ಜರೆಯುವುದು ನ್ಯಾಯವಲ್ಲ.

ಆ ಬರದ ಬಳಿಕವೇ ಕ್ಷಾಮ ಆಯೋಗ ಕುಳಿತು 1880ರಲ್ಲಿ ವರದಿ ಕೊಟ್ಟಿತು. ಕ್ಷಾಮ ಸಂಹಿತೆಗಳು ಬಂದವು. ಸ್ವಾತಂತ್ರ್ಯಾನಂತರ, 1965ರಲ್ಲಿ, ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಅದರ ಉಗ್ರಾಣಗಳನ್ನು ನಾಡಿನ ಹಗೇವು ಎನ್ನಬಹುದು: ಒಬ್ಬನ ಹಿತ್ತಲಲ್ಲಿರದೆ ಎಲ್ಲರ ಹೆಸರಿನಲ್ಲಿರುವ ಹಗೇವು.

2020ರ ಮಾರ್ಚ್ 24ರ ರಾತ್ರಿ ದೇಶವೆಲ್ಲ ಬಾಗಿಲು ಹಾಕುವುದೆಂದು ತಿಳಿದಾಗ ಪಟ್ಟಣಗಳ ಜನ ಅಂಗಡಿಗಳ ಮುಂದೆ ಮುಗಿಬಿದ್ದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಸಾಲಿನಲ್ಲಿ ಮೊದಲಿದ್ದವನು ಐದು ಚೀಲ ಹೊತ್ತರೆ ಕೊನೆಯವನಿಗೆ ಒಂದು ಸೇರೂ ಇಲ್ಲ. ಕೂಡಿಡುವುದಕ್ಕೂ ಬಾಚಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಸುಗ್ಗಿಯಲ್ಲಿ, ಎಲ್ಲರಿಗೂ ಸಾಕಷ್ಟಿದ್ದಾಗ, ತಿಂಗಳಿಗಾಗುವಷ್ಟನ್ನು ತೆಗೆದಿಟ್ಟವನು ಕಷ್ಟದ ದಿನ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಅವನ ಜಾಗ ಇಲ್ಲದವನಿಗೆ ಸಿಗುತ್ತದೆ. ಅಭಾವ ಬಂದ ಮೇಲೆ ಓಡುವವನು ಮಾತ್ರ ನೆರೆಯವನ ತುತ್ತಿಗೆ ಕೈ ಹಾಕುತ್ತಾನೆ.

ಆದುದರಿಂದ ಡಬ್ಬಿಯಲ್ಲಿ ನಾಲ್ಕು ವಾರದ ಬೇಳೆ, ರಾಗಿಹಿಟ್ಟು, ಉಪ್ಪು, ಬೆಂಕಿಪೊಟ್ಟಣ, ನಿತ್ಯದ ಔಷಧಿ ಇರಿಸಿಕೊಳ್ಳುವುದು ಜಿಪುಣತನವಲ್ಲ, ಅಂಜುಬುರುಕತನವೂ ಅಲ್ಲ. ಆದರೆ ಡಬ್ಬಿ ತುಂಬಿದವರು ನಾಡಿನ ಹಗೇವಿನ ಮೇಲೂ ಒಂದು ಕಣ್ಣಿಟ್ಟಿರಬೇಕು. ಅದರಲ್ಲಿ ಕಾಳಿದೆಯೇ, ಆ ಕಾಳು ಕಡೆಯ ಮನೆಗೆ ಮುಟ್ಟುತ್ತಿದೆಯೇ ಎಂದು ಕೇಳುತ್ತಿರಬೇಕು. ತಮ್ಮ ಡಬ್ಬಿ ತುಂಬಿರುವವರಿಗೆ ಹಾಗೆ ಕೇಳಲು ಬಿಡುವಾದರೂ ಇದೆ.