ಒಂಬತ್ತು ಮತ್ತು ಒಂಬತ್ತು: ಮಂಗಳೂರು ಲೋಕಸಭಾ ಕ್ಷೇತ್ರದ ಕತೆ

ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ ಗಲ್ಫಿನಲ್ಲಿರುವ ನಮ್ಮವರನ್ನು ನೋಡಬೇಕು. ಕ್ಯಾಂಪಿನಲ್ಲಿರಲಿ, ಅಂಗಡಿಯಲ್ಲಿರಲಿ, ಆಸ್ಪತ್ರೆಯ ಡ್ಯೂಟಿಯಲ್ಲಿರಲಿ, ಒಂದು ಕಣ್ಣು ಕೆಲಸದ ಮೇಲೆ, ಇನ್ನೊಂದು ಮೊಬೈಲಿನ ಮೇಲೆ. ಆ ದಿನ ದಕ್ಷಿಣ ಕನ್ನಡದವರ ಬಾಯಲ್ಲಿ "ನಮ್ಮ ಕ್ಷೇತ್ರ ಯಾವಾಗಲೂ ಹೀಗೇ ಅಲ್ವಾ" ಎಂಬ ಮಾತು ಬಂದೇ ಬರುತ್ತದೆ. ಮೂವತ್ತು ವರ್ಷದ ಹುಡುಗ ಹಾಗೆ ಹೇಳಿದರೆ ತಪ್ಪಲ್ಲ. ಅವನು ಹುಟ್ಟಿದಂದಿನಿಂದ ಅಲ್ಲಿ ಗೆದ್ದದ್ದು ಒಂದೇ ಪಕ್ಷ. ಆದರೆ ಅವನ ಅಜ್ಜನೂ ಒಂದು ಕಾಲದಲ್ಲಿ ಇದೇ ಮಾತನ್ನು ಹೇಳುತ್ತಿದ್ದರು, ಬೇರೆ ಪಕ್ಷದ ಬಗ್ಗೆ.

1952ರಿಂದ 2024ರವರೆಗೆ ಹದಿನೆಂಟು ಲೋಕಸಭೆಗಳು ಆಗಿವೆ. ಮೊದಲ ಒಂಬತ್ತರಲ್ಲಿ ಮಂಗಳೂರಿನ ಸೀಟು ಕಾಂಗ್ರೆಸ್ಸಿನದು, ನಂತರದ ಒಂಬತ್ತರಲ್ಲಿ ಬಿಜೆಪಿಯದು. ಯಾವ ಪಕ್ಷ ಒಳ್ಳೆಯದು ಎಂಬ ಚರ್ಚೆ ಈ ಲೇಖನದ್ದಲ್ಲ. ನಮ್ಮ ಸಂಘದಲ್ಲಿ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತೇವೆ. ನಮ್ಮ ಊರಿನ ಮತದಾರ ಯಾವಾಗ, ಯಾಕೆ ಬದಲಾದ ಎಂದು ತಿಳಿದುಕೊಳ್ಳುವುದಷ್ಟೇ ಉದ್ದೇಶ.

ಮದ್ರಾಸಿನಲ್ಲಿದ್ದ ಕಾಲ

ಮೊದಲ ಚುನಾವಣೆ ನಡೆದಾಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಹೆಸರು ಸೌತ್ ಕೆನರಾ. ಜಿಲ್ಲೆಗೆ ಉತ್ತರ ಮತ್ತು ದಕ್ಷಿಣ ಎಂದು ಎರಡು ಸೀಟು. ಉತ್ತರದಲ್ಲಿ ಯು. ಶ್ರೀನಿವಾಸ ಮಲ್ಯರು, ದಕ್ಷಿಣದಲ್ಲಿ ಪತ್ರಕರ್ತ ಬಿ. ಶಿವರಾಯರು ಗೆದ್ದರು. ಇಬ್ಬರೂ ಸಂವಿಧಾನ ಸಭೆಯಲ್ಲಿ ಕುಳಿತು ಬಂದವರು. ಸಂವಿಧಾನ ಹೇಗೆ ರೂಪುಗೊಂಡಿತು ಎಂಬ ದಾಖಲೆಗಳನ್ನು ಮುಂದೆ ಹಲವು ಸಂಪುಟಗಳಲ್ಲಿ ಒಟ್ಟುಮಾಡಿದವರು ಇದೇ ಶಿವರಾಯರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಯಿತು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಂದ ಮುಂದೆ ಅಕ್ಕಪಕ್ಕದ ಊರುಗಳ ಚುನಾವಣಾ ಇತಿಹಾಸವೇ ಬೇರೆಯಾಯಿತು. 1957ರಲ್ಲಿ ಮಂಗಳೂರಿನಿಂದ ಕಾಂಗ್ರೆಸ್ಸಿನ ಕೆ.ಆರ್. ಆಚಾರ್ ದೆಹಲಿಗೆ ಹೋದರೆ, ಕಾಸರಗೋಡಿನಿಂದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಹೋದರು. ಗಲ್ಫಿನಲ್ಲಿ ನಮ್ಮೊಂದಿಗೆ ಕನ್ನಡ, ತುಳು ಮಾತನಾಡುವ ಕಾಸರಗೋಡಿನ ಗೆಳೆಯರ ಮನೆಯಲ್ಲಿ ರಾಜಕೀಯದ ಮಾತು ಬೇರೆ ರೀತಿ ಇರಲು ಇದೂ ಒಂದು ಕಾರಣ.

ಮಲ್ಯರು 1957 ಮತ್ತು 1962ರಲ್ಲಿ ಉಡುಪಿ ಕ್ಷೇತ್ರದಿಂದ ಗೆದ್ದವರು. ಆದರೂ ಮಂಗಳೂರಿನ ಕತೆಯನ್ನು ಅವರ ಹೆಸರಿಲ್ಲದೆ ಹೇಳಲಾಗದು. 1951ರಲ್ಲಿ ಶುರುವಾದ ಬಜಪೆ ವಿಮಾನ ನಿಲ್ದಾಣ, 1960ರಲ್ಲಿ ಆರಂಭವಾದ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು, ಎಲ್ಲದರ ಹಿಂದೆಯೂ ಅವರ ಓಡಾಟವಿತ್ತು. 1965ರಲ್ಲಿ ಅವರು ತೀರಿಕೊಂಡರು. ನವ ಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದಾಗ ನೋಡಲು ಅವರಿರಲಿಲ್ಲ. ರಜೆ ಮುಗಿಸಿ ಬಜಪೆಯಲ್ಲಿ ವಿಮಾನ ಹತ್ತುವ ನಾವೆಲ್ಲ ಆ ಕಾಲದ ಒಂದು ಪ್ರಯತ್ನದ ಫಲ ಉಣ್ಣುತ್ತಿದ್ದೇವೆ.

ಜೋಡೆತ್ತಿನಿಂದ ಕೈಗೆ

1962ರಲ್ಲಿ ಎ. ಶಂಕರ ಆಳ್ವ, 1967ರಲ್ಲಿ ಸಿ.ಎಂ. ಪೂಣಚ್ಚ, 1971ರಲ್ಲಿ ಕೆ.ಕೆ. ಶೆಟ್ಟಿ ಗೆದ್ದರು. ಪೂಣಚ್ಚ ಕೊಡಗಿನವರು, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ಮುಖ್ಯಮಂತ್ರಿಯಾಗಿದ್ದವರು. ಮಂಗಳೂರಿನಲ್ಲಿ ಕೊಡಗಿನವರಿಗೆ ಏನು ಕೆಲಸ ಎಂದು ಈಗಿನವರು ಕೇಳಬಹುದು. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೂ ಕೊಡಗು ಇದೇ ಕ್ಷೇತ್ರದ ಭಾಗವಾಗಿತ್ತು. ಪೂಣಚ್ಚ ಕೇಂದ್ರದಲ್ಲಿ ರೈಲ್ವೆ ಸಚಿವರೂ ಆದರು. ಅದೇ 1967ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಬಂದರು. ಮುಂದೆ ಅವರೂ ರೈಲ್ವೆ ಸಚಿವರಾದರು. ಮಂಗಳೂರಿನಿಂದ ಮಾತ್ರ ಅವರು ಎಂದೂ ಸಂಸದರಾಗಲಿಲ್ಲ.

1977 ಈ ಕ್ಷೇತ್ರದ ಬಹುಮುಖ್ಯ ವರ್ಷ. ತುರ್ತು ಪರಿಸ್ಥಿತಿಯ ಸಿಟ್ಟಿನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಬಂತು. ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಕಾರಣ ದೇವರಾಜ ಅರಸರ ಭೂಸುಧಾರಣೆ. 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ಹೋಯಿತು. ಗೇಣಿ ಒಕ್ಕಲುತನ ಇಷ್ಟು ದಟ್ಟವಾಗಿದ್ದ ಜಿಲ್ಲೆಗಳು ರಾಜ್ಯದಲ್ಲಿ ಕಡಿಮೆ. ತಲೆಮಾರುಗಳಿಂದ ಧಣಿಗಳಿಗೆ ಅಕ್ಕಿಮುಡಿ ಅಳೆದು ಕೊಡುತ್ತಿದ್ದ ಒಕ್ಕಲುಗಳು ಡಿಕ್ಲರೇಶನ್ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಭೂಮಿ ಕಳೆದುಕೊಂಡ ಮನೆಗಳ ನೋವೂ ಅಷ್ಟೇ ನಿಜ. ದೊಡ್ಡ ಭೂಮಾಲೀಕರ ಜೊತೆಗೆ ನಾಲ್ಕು ಮುಡಿ ಗದ್ದೆಯ ಗೇಣಿಯನ್ನೇ ನಂಬಿದ್ದ ಸಣ್ಣ ಮನೆಗಳೂ ಅದರಲ್ಲಿದ್ದವು. ಎರಡೂ ಕಡೆಯ ಮಕ್ಕಳು ಇಂದು ಗಲ್ಫಿನಲ್ಲಿ ಒಂದೇ ರೂಮಿನಲ್ಲಿದ್ದಾರೆ.

ಆ ವರ್ಷ ಮೊದಲ ಬಾರಿ ಗೆದ್ದ ಜನಾರ್ದನ ಪೂಜಾರಿ 1980, 1984, 1989ರಲ್ಲೂ ಗೆದ್ದರು. ಪಕ್ಷದ ಚಿಹ್ನೆ ಜೋಡೆತ್ತಿನಿಂದ ಹಸು ಕರುವಿಗೆ, ಅಲ್ಲಿಂದ ಕೈಗೆ ಬದಲಾದರೂ ಕ್ಷೇತ್ರ ಬದಲಾಗಲಿಲ್ಲ. ಹಣಕಾಸು ಖಾತೆಯ ರಾಜ್ಯ ಸಚಿವರಾಗಿ ಅವರು ನಡೆಸಿದ ಸಾಲ ಮೇಳಗಳು ದೇಶವಿಡೀ ಸುದ್ದಿಯಾದವು. ಬ್ಯಾಂಕಿನ ಹಣ ಹಾಳಾಯಿತು ಎಂದವರೂ ಇದ್ದರು, ಬಡವ ಮೊದಲ ಬಾರಿ ಬ್ಯಾಂಕಿನ ಮೆಟ್ಟಿಲು ಹತ್ತಿದ ಎಂದವರೂ ಇದ್ದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳನ್ನು ಹುಟ್ಟಿಸಿದ ಅವಿಭಜಿತ ಜಿಲ್ಲೆಯಿಂದಲೇ ಈ ಚರ್ಚೆ ಎದ್ದದ್ದು ವಿಶೇಷ.

1991ರ ತಿರುವು

1991ರಲ್ಲಿ ಬಿಜೆಪಿಯ ವಿ. ಧನಂಜಯ ಕುಮಾರ್ ಪೂಜಾರಿಯವರನ್ನು ಸೋಲಿಸಿದರು. ಕರ್ನಾಟಕದಿಂದ ಬಿಜೆಪಿ ಮೊದಲ ಸಲ ಲೋಕಸಭಾ ಸೀಟು ಗೆದ್ದ ಚುನಾವಣೆ ಅದು. ಗೆದ್ದ ನಾಲ್ಕರಲ್ಲಿ ಮಂಗಳೂರೂ ಒಂದು. ಅಯೋಧ್ಯೆ ಚಳವಳಿಯ ಬಿಸಿ ಆಗ ದೇಶದಲ್ಲೆಲ್ಲ ಇತ್ತು. ಆದರೆ ಒಂದೇ ವರ್ಷದ ಗಾಳಿಯಿಂದ ಆದ ಬದಲಾವಣೆ ಇದಲ್ಲ. ಪಕ್ಕದ ಉಡುಪಿಯಲ್ಲಿ 1968ರಲ್ಲೇ ಜನಸಂಘ ಪುರಸಭೆಯ ಆಡಳಿತ ಹಿಡಿದಿತ್ತು, ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದರು. 1983ರಲ್ಲಿ ಬಿಜೆಪಿ ರಾಜ್ಯದಲ್ಲಿ 18 ವಿಧಾನಸಭಾ ಸೀಟು ಗೆದ್ದಾಗ ಧನಂಜಯ ಕುಮಾರ್ ಮಂಗಳೂರಿನ ಶಾಸಕರಾಗಿದ್ದರು. ಭೂಮಿಯ ಪ್ರಶ್ನೆ ಬಗೆಹರಿದ ಮೇಲೆ ಹುಟ್ಟಿ ಬೆಳೆದ ತಲೆಮಾರಿಗೆ ಡಿಕ್ಲರೇಶನ್ ಎಂಬುದು ಅಜ್ಜ ಹೇಳುವ ಹಳೆಯ ಕತೆಯಾಗಿತ್ತು. ಉಪಕಾರದ ನೆನಪು ಎಷ್ಟು ಕಾಲ ವೋಟಾಗಿ ಉಳಿಯುತ್ತದೆ? ಇಲ್ಲಿ ಸುಮಾರು ಹದಿನೈದು ವರ್ಷ ಉಳಿಯಿತು ಎನ್ನಬಹುದು.

ಧನಂಜಯ ಕುಮಾರ್ 1996, 1998, 1999ರಲ್ಲೂ ಗೆದ್ದರು. 2004ರಲ್ಲಿ ಡಿ.ವಿ. ಸದಾನಂದ ಗೌಡರು ವೀರಪ್ಪ ಮೊಯ್ಲಿಯವರನ್ನು ಸೋಲಿಸಿದರು. 2009ರ ಹೊತ್ತಿಗೆ ಕೊಡಗು ಮೈಸೂರು ಕ್ಷೇತ್ರಕ್ಕೆ ಹೋಗಿ, ನಮ್ಮದು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರವಾಯಿತು. ಬೆಳ್ತಂಗಡಿಯಿಂದ ಸುಳ್ಯದವರೆಗೆ ಜಿಲ್ಲೆಯ ಎಂಟೂ ವಿಧಾನಸಭಾ ಕ್ಷೇತ್ರಗಳು ಒಂದೇ ಸೀಟಿಗೆ ಬಂದವು. ಹೊಸ ಕ್ಷೇತ್ರದಲ್ಲಿ ನಳಿನ್ ಕುಮಾರ್ ಕಟೀಲ್ ಮೂರು ಸಲ, 2024ರಲ್ಲಿ ಬ್ರಿಜೇಶ್ ಚೌಟ ಗೆದ್ದರು.

ಅಂಕಿಗಳು ಹೇಳುವುದು

ಗೆಲುವಿನ ಅಂತರ 2009ರಲ್ಲಿ ಸುಮಾರು 40 ಸಾವಿರ, 2014ರಲ್ಲಿ 1.43 ಲಕ್ಷ, 2019ರಲ್ಲಿ 2.74 ಲಕ್ಷ, 2024ರಲ್ಲಿ 1.49 ಲಕ್ಷ. 2014ರಲ್ಲೂ 2019ರಲ್ಲೂ ಕಾಂಗ್ರೆಸ್ಸಿಗೆ ಬಂದದ್ದು ಹೆಚ್ಚುಕಡಿಮೆ ಅಷ್ಟೇ, ಐದು ಲಕ್ಷಕ್ಕೆ ತುಸು ಕಡಿಮೆ. ಬಿಜೆಪಿಯ ಮತ ಮಾತ್ರ 1.3 ಲಕ್ಷ ಹೆಚ್ಚಾಯಿತು. 2024ರಲ್ಲಿ ಕಾಂಗ್ರೆಸ್ ಒಂದು ಲಕ್ಷಕ್ಕೂ ಮೀರಿ ಏರಿ ಆರು ಲಕ್ಷ ದಾಟಿತು. ಎದುರಾಳಿಯ ಮತ ಹತ್ತು ಸಾವಿರದಷ್ಟು ಇಳಿಯಿತು.

ಇನ್ನೊಂದು ಸಂಗತಿ. 2013ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಎಂಟರಲ್ಲಿ ಏಳು ಸೀಟು ಕಾಂಗ್ರೆಸ್ಸಿಗೆ ಹೋಗಿತ್ತು. ಮರುವರ್ಷ ಅದೇ ಜನ ಲೋಕಸಭೆಗೆ ಬಿಜೆಪಿಯನ್ನು ಕಳಿಸಿದರು. ಹಾಗಾಗಿ "ಯಾವಾಗಲೂ ಹೀಗೇ" ಎಂಬ ಮಾತಿಗೆ ಆಧಾರ ಕಡಿಮೆ. ನಮ್ಮ ಮತದಾರ ಬೆಂಗಳೂರಿಗೊಂದು, ದೆಹಲಿಗೊಂದು ಲೆಕ್ಕ ಇಟ್ಟುಕೊಂಡಿದ್ದಾನೆ. 2019 ಮತ್ತು 2024, ಎರಡೂ ಸಲ ಶೇಕಡ 77ಕ್ಕಿಂತ ಹೆಚ್ಚು ಮಂದಿ ಮತಗಟ್ಟೆಗೆ ಹೋದ ಜಿಲ್ಲೆ ಇದು.

ಆ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ? ಅಮೆರಿಕಕ್ಕೆ ಹೋದವರು ಅಲ್ಲಿನ ಪೌರರಾಗಿ ಅಲ್ಲೇ ಮತ ಹಾಕಬಹುದು. ಗಲ್ಫಿನಲ್ಲಿ ಎಷ್ಟು ವರ್ಷ ದುಡಿದರೂ ನಮ್ಮ ಕೈಯಲ್ಲಿ ಉಳಿಯುವುದು ಭಾರತದ ಪಾಸ್‌ಪೋರ್ಟೇ. ನಮಗಿರುವ ಮತ ಒಂದೇ, ಅದು ಊರಿನಲ್ಲಿ. 2010ರ ಕಾನೂನು ತಿದ್ದುಪಡಿಯ ನಂತರ ಹೊರದೇಶದಲ್ಲಿರುವವರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲೇ ಮತದಾರರಾಗಬಹುದು. ಆದರೆ ಮತ ಹಾಕಲು ಅಸಲು ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಊರಿನ ಮತಗಟ್ಟೆಗೆ ಹೋಗಬೇಕು. ಬದಲಿ ವ್ಯಕ್ತಿಯಿಂದ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆ ದಾಟದೆ ಬಿದ್ದುಹೋಯಿತು. ವಿದ್ಯುನ್ಮಾನ ಅಂಚೆ ಮತದ ಪ್ರಸ್ತಾಪವನ್ನು ಚುನಾವಣಾ ಆಯೋಗ 2020ರಲ್ಲಿ ಮುಂದಿಟ್ಟಿತು; 2024ರ ಚುನಾವಣೆಗೆ ಅದೂ ಬರಲಿಲ್ಲ. ರಜೆ ಸಿಗದ, ಟಿಕೆಟಿಗೆ ಹಣ ಹೊಂದಿಸಲಾಗದ ಕೆಲಸಗಾರನಿಗೆ ಈ ಹಕ್ಕು ಕಾಗದದ ಮೇಲಷ್ಟೇ ಇದೆ.

2009ರಲ್ಲಿ ಈ ಸೀಟಿನ ಗೆಲುವು ಸೋಲನ್ನು ನಿರ್ಧರಿಸಿದ್ದು 40 ಸಾವಿರ ಮತ. ಹೊರಗೆ ದುಡಿಯುವ ಜಿಲ್ಲೆಯ ಮಕ್ಕಳೆಲ್ಲ ಮತ ಹಾಕುವಂತಾದರೆ ಅಭ್ಯರ್ಥಿಗಳು ನಮ್ಮ ವಿಮಾನ ದರ, ಊರಿಗೆ ಮರಳಿದ ಮೇಲಿನ ಬದುಕು, ಇವುಗಳ ಬಗ್ಗೆಯೂ ಮಾತನಾಡಬೇಕಾಗುತ್ತದೆ. ಅಲ್ಲಿಯವರೆಗೆ ಎರಡು ಕೆಲಸ ನಮ್ಮ ಕೈಯಲ್ಲಿವೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು ಇದೆಯೇ, ಹೇಗಿದೆ ಎಂದು ನೋಡಿಕೊಳ್ಳುವುದು. ಇಲ್ಲದಿದ್ದರೆ 6ಎ ಅರ್ಜಿ ಹಾಕುವುದು. ನಮ್ಮ ಮನೆ ಬಾಗಿಲಿಗೆ ಬರುವ ಅಭ್ಯರ್ಥಿ ಯಾವ ಪಕ್ಷದವರಾದರೂ, ಹೊರದೇಶದವರ ಮತದ ವಿಷಯದಲ್ಲಿ ಸಂಸತ್ತಿನಲ್ಲಿ ಏನು ಮಾಡುತ್ತೀರಿ ಎಂದು ಮನೆಯವರಿಂದ ಕೇಳಿಸುವುದು.