ಬೆಲ್ಜಿಯನ್ ಸ್ಟ್ರಾಂಗ್ ಏಲ್: ‘ಬಿಯರ್ ತಾನೆ’ ಎನ್ನುವ ಮುನ್ನ ಇದನ್ನು ಓದಿ

ದೊಡ್ಡಪ್ಪನ ಮಗ ವಿದೇಶದಿಂದ ಬರುವಾಗ ಬೆಲ್ಜಿಯಂನ ನಾಲ್ಕು ಪುಟ್ಟ ಬಿಯರ್ ಬಾಟಲಿ ತಂದಿದ್ದ. ಚಿಕ್ಕಪ್ಪ ಅರ್ಧ ಗಂಟೆಯಲ್ಲಿ ಎರಡನ್ನು ಮುಗಿಸಿ, “ಜ್ಯೂಸ್ ಇದ್ದಂಗಿದೆ ಕಣೋ, ಇದೂ ಒಂದು ಬಿಯರ್ರಾ?” ಎಂದು ನಗುತ್ತ ಸ್ಕೂಟರ್ ಕೀಲಿ ಕೈಗೆತ್ತಿಕೊಂಡರು. ಲೇಬಲ್ ಓದಬೇಕು ಅಂತ ನಮಗೆ ಹೊಳೆದದ್ದು ಆಮೇಲೆ: ಆಲ್ಕೋಹಾಲ್ 9.5%. ಕೀಲಿ ಚಿಕ್ಕಮ್ಮನ ಸೆರಗಿನ ಗಂಟು ಸೇರಿತು, ಚಿಕ್ಕಪ್ಪ ಆಟೊದಲ್ಲಿ ಮನೆ ಸೇರಿದರು.

ಇಂಥ ಬಿಯರ್ ಬಗ್ಗೆ ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹರಿದಾಡುವ ಮಾತುಗಳು ಹಲವು. ಅವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಈ ಬಿಯರ್‌ನ ರುಚಿ ನೋಡುವ ಕ್ರಮವೇನು? ಒಂದೊಂದಾಗಿ ನೋಡೋಣ.

ಏನಿದು ಸ್ಟ್ರಾಂಗ್ ಏಲ್?

ಬಿಯರ್‌ನಲ್ಲಿ ಲಾಗರ್ ಮತ್ತು ಏಲ್ ಎಂಬ ಎರಡು ದೊಡ್ಡ ಬಗೆಗಳಿವೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಲಾಗರ್. ಅವನ್ನು ತಣ್ಣನೆಯ ವಾತಾವರಣದಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಏಲ್ ಹುದುಗುವುದು ಬೆಚ್ಚನೆಯ ವಾತಾವರಣದಲ್ಲಿ. ಬೆಲ್ಜಿಯಂನ ಸ್ಟ್ರಾಂಗ್ ಏಲ್‌ಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 7ರಿಂದ 11% ಇರುತ್ತದೆ.

ಇದಕ್ಕೆ ಇತಿಹಾಸದ ಕಾರಣವೂ ಇದೆ. 1919ರಲ್ಲಿ ಬೆಲ್ಜಿಯಂ ಸರ್ಕಾರ ಪಾನಗೃಹಗಳಲ್ಲಿ ಜಿನ್‌ನಂಥ ಬಟ್ಟಿ ಇಳಿಸಿದ ಮದ್ಯದ ಮಾರಾಟ ನಿಷೇಧಿಸಿತು. ‘ಗಟ್ಟಿ’ ಪಾನೀಯ ಬೇಕೆನ್ನುವ ಗಿರಾಕಿಗಳಿಗಾಗಿ ಬ್ರೂವರಿಗಳು ಬಿಯರ್ ಅನ್ನೇ ಗಟ್ಟಿ ಮಾಡಿದವು. ಈ ಕಾನೂನು 1980ರ ದಶಕದವರೆಗೂ ಜಾರಿಯಲ್ಲಿತ್ತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಇಂದು ಈ ಶೈಲಿ ಬೆಲ್ಜಿಯಂ ದಾಟಿ ಹೋಗಿದೆ. ಕೆನಡಾದ ಯೂನಿಬ್ರೂ ತಯಾರಿಸುವ ‘ಲಾ ಫಿನ್ ಡು ಮಾಂಡ್’ ಮತ್ತು ಅಮೆರಿಕದ ಅಲಗಾಶ್ ಬ್ರೂವರಿಯ ಟ್ರಿಪೆಲ್, ಎರಡರಲ್ಲೂ 9% ಆಲ್ಕೋಹಾಲ್ ಇದೆ. ಮೊದಲನೆಯದರ ಹೆಸರಿನ ಅರ್ಥವೇ ‘ಪ್ರಪಂಚದ ಅಂತ್ಯ’!

ಒಂದು ಎಚ್ಚರಿಕೆ: ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗುವ ‘ಬೆಲ್ಜಿಯನ್ ವಿಟ್’ ಬೇರೆ ಬಗೆ. ಅದು ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಹಗುರ ಬಿಯರ್, ಸುಮಾರು 5%. ಅದನ್ನು ಕುಡಿದ ಲೆಕ್ಕದಲ್ಲೇ ಇದನ್ನೂ ಕುಡಿದರೆ ಲೆಕ್ಕ ತಪ್ಪುತ್ತದೆ.

ಹೇಳಿಕೆ 1: ‘ಸನ್ಯಾಸಿಗಳು ಮಾಡುವ ಬಿಯರ್, ಆರೋಗ್ಯಕ್ಕೆ ಒಳ್ಳೆಯದು’

ಅರ್ಧ ಮಾತ್ರ ನಿಜ. ಬೆಲ್ಜಿಯಂನ ವೆಸ್ಟ್‌ಮಾಲ್, ಶಿಮೇ, ಓರ್ವಾಲ್, ರೋಶ್‌ಫೋರ್, ವೆಸ್ಟ್‌ವ್ಲೆಟರನ್ ಎಂಬ ಐದು ಟ್ರಾಪಿಸ್ಟ್ ಕ್ರೈಸ್ತ ಮಠಗಳಲ್ಲಿ ಇಂದಿಗೂ ಬಿಯರ್ ತಯಾರಾಗುತ್ತದೆ. ಟ್ರಾಪಿಸ್ಟ್ ಮುದ್ರೆ ಬೇಕಾದರೆ ಮಠದ ಆವರಣದಲ್ಲೇ, ಸನ್ಯಾಸಿಗಳ ಉಸ್ತುವಾರಿಯಲ್ಲಿ ತಯಾರಾಗಬೇಕು. ಬಂದ ಹಣ ಮಠದ ನಿರ್ವಹಣೆಗೆ ಮತ್ತು ದಾನಧರ್ಮಕ್ಕೆ ಹೋಗಬೇಕು. ಬರೀ ‘ಅಬಿ’ ಎಂದು ಬರೆದಿರುವ ಬಿಯರ್‌ಗಳಿಗೆ ಈ ನಿಯಮವಿಲ್ಲ, ಅವುಗಳಲ್ಲಿ ಬಹಳಷ್ಟು ಸಾಮಾನ್ಯ ಕಾರ್ಖಾನೆಗಳಲ್ಲೇ ತಯಾರಾಗುತ್ತವೆ.

ಸ್ವಾರಸ್ಯವೆಂದರೆ, ಸನ್ಯಾಸಿಗಳು ತಮ್ಮ ಊಟದ ಮೇಜಿಗೆಂದು ಮಾಡಿಕೊಳ್ಳುವುದು ಹಗುರ ಬಿಯರ್. ವೆಸ್ಟ್‌ಮಾಲ್ ಎಕ್ಸ್‌ಟ್ರಾದಲ್ಲಿ ಇರುವುದು 4.8% ಮಾತ್ರ.

ಇನ್ನು ಆರೋಗ್ಯದ ಮಾತು. ಯಾರು ಮಾಡಿದರೂ ಆಲ್ಕೋಹಾಲ್ ಆಲ್ಕೋಹಾಲೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ತಂಬಾಕಿನ ಜೊತೆ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಸಂಪೂರ್ಣ ಸುರಕ್ಷಿತ ಎನ್ನಬಹುದಾದ ಪ್ರಮಾಣ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ‘ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ’ ಎಂಬುದೂ ಸುಳ್ಳು. ಮೂತ್ರ ಹೆಚ್ಚಾಗುತ್ತದೆ ಅಷ್ಟೆ, ಕಲ್ಲು ಕರಗುವುದಿಲ್ಲ.

ಹೇಳಿಕೆ 2: ‘ಬಣ್ಣ ಕಪ್ಪಾದಷ್ಟೂ ಸ್ಟ್ರಾಂಗ್’

ಸುಳ್ಳು. ಬಣ್ಣ ಬರುವುದು ಧಾನ್ಯವನ್ನು ಎಷ್ಟು ಹುರಿದಿದ್ದಾರೆ, ಎಂಥ ಸಕ್ಕರೆ ಪಾಕ ಹಾಕಿದ್ದಾರೆ ಎಂಬುದರಿಂದ. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಕಡುಕಪ್ಪು, ಆದರೆ 4.2% ಮಾತ್ರ. ಬೆಲ್ಜಿಯಂನ ಡ್ಯೂವೆಲ್ ಹೊಂಬಣ್ಣದ್ದು, ಆದರೆ 8.5%. ಡ್ಯೂವೆಲ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ‘ಸೈತಾನ’. ವೆಸ್ಟ್‌ಮಾಲ್‌ನ ಕಂದು ಬಣ್ಣದ ಡುಬೆಲ್ 7%, ತಿಳಿ ಬಣ್ಣದ ಟ್ರಿಪೆಲ್ 9.5%.

ಹೆಸರು ನೋಡಿ ಶಕ್ತಿ ಅಳೆಯುವುದೂ ಕಷ್ಟ. ಟ್ರಿಪೆಲ್ ಎಂದರೆ ಮೂರು ಪಟ್ಟು ಸ್ಟ್ರಾಂಗ್ ಎಂದಲ್ಲ, ಡುಬೆಲ್‌ಗಿಂತ ಗಟ್ಟಿ ಎಂದಷ್ಟೇ. ರೋಶ್‌ಫೋರ್ ಬಾಟಲಿಗಳ ಮೇಲಿನ 6, 8, 10 ಹಳೆಯ ಅಳತೆಯ ಗುರುತುಗಳು, ಶೇಕಡಾವಾರು ಅಲ್ಲ. ‘10’ ಎಂದಿರುವುದರಲ್ಲಿ ಆಲ್ಕೋಹಾಲ್ 11.3%! ಹಾಗಾಗಿ ಬಣ್ಣ, ಹೆಸರು ಬಿಡಿ, ಶೇಕಡಾ ಗುರುತಿನ ಪಕ್ಕದ ಸಂಖ್ಯೆ ನೋಡಿ.

ಹೇಳಿಕೆ 3: ‘ಬಾಳೆಹಣ್ಣಿನ ವಾಸನೆ ಬಂದರೆ ಎಸೆನ್ಸ್ ಹಾಕಿದ್ದಾರೆ’

ಸಾಮಾನ್ಯವಾಗಿ ಸುಳ್ಳು. ಆ ಪರಿಮಳ ಯೀಸ್ಟ್‌ನ ಕೊಡುಗೆ. ಬೆಚ್ಚನೆಯ ವಾತಾವರಣದಲ್ಲಿ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಎಸ್ಟರ್ ಎಂಬ ರಾಸಾಯನಿಕಗಳೂ ಹುಟ್ಟುತ್ತವೆ. ಅವುಗಳಲ್ಲಿ ಐಸೊಅಮೈಲ್ ಅಸಿಟೇಟ್ ಎಂಬುದು ಮಾಗಿದ ಬಾಳೆಹಣ್ಣಿನಲ್ಲೂ ಇದೆ. ಲವಂಗದಂಥ ಘಮ ಕೊಡುವುದು ಫೀನಾಲ್ ಗುಂಪಿನ ಇನ್ನೊಂದು ವಸ್ತು. ಅದು ಲವಂಗದ ಯೂಜಿನಾಲ್‌ಗೆ ಹತ್ತಿರದ ನೆಂಟ. ಕೆಲವು ಬ್ರೂವರಿಗಳು ಮಸಾಲೆ ಹಾಕುವುದುಂಟು, ಆದರೆ ಬಹುಪಾಲು ಪರಿಮಳ ಯೀಸ್ಟ್‌ನದೇ.

ಸಕ್ಕರೆ ಹಾಕುವುದು ಮಾತ್ರ ನಿಜ, ಅದು ಕಲಬೆರಕೆಯಲ್ಲ. ಯೀಸ್ಟ್ ಈ ಸಕ್ಕರೆಯನ್ನು ಪೂರ್ತಿ ತಿಂದುಬಿಡುವುದರಿಂದ ಆಲ್ಕೋಹಾಲ್ ಏರುತ್ತದೆ, ಆದರೆ ಬಿಯರ್ ಮಂದವಾಗುವುದಿಲ್ಲ. 9% ಇದ್ದರೂ ಬಾಯಿಗೆ ಹಗುರ ಎನಿಸುವುದು ಇದೇ ಕಾರಣಕ್ಕೆ. ಚಿಕ್ಕಪ್ಪ ಮೋಸಹೋದದ್ದೂ ಇಲ್ಲೇ.

ಹೇಳಿಕೆ 4: ‘ತಳದಲ್ಲಿ ಗಸಿ ಇದ್ದರೆ ಕೆಟ್ಟುಹೋಗಿದೆ’

ಈ ಬಿಯರ್‌ಗಳ ಮಟ್ಟಿಗೆ ಸುಳ್ಳು. ಇವನ್ನು ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಮತ್ತೊಮ್ಮೆ ಹುದುಗಲು ಬಿಡುತ್ತಾರೆ. ಒತ್ತಾದ ನೊರೆ ಬರುವುದು ಅದರಿಂದಲೇ. ಉಳಿದ ಯೀಸ್ಟ್ ತಳಕ್ಕೆ ಇಳಿಯುತ್ತದೆ. ಕುಡಿದರೆ ಅಪಾಯವಿಲ್ಲ, ಆದರೆ ರುಚಿ ಒಗರಾಗುತ್ತದೆ. ಬೇಡವಾದರೆ ಕೊನೆಯ ಎರಡು ಚಮಚದಷ್ಟನ್ನು ಬಾಟಲಿಯಲ್ಲೇ ಬಿಡಿ.

ರುಚಿ ನೋಡುವುದು ಹೇಗೆ?

- ಬಾಟಲಿಯನ್ನು ನಿಲ್ಲಿಸಿಡಿ. ಮಲಗಿಸಿದರೆ ಗಸಿ ಕದಡುತ್ತದೆ.
- ಐಸ್‌ನಂತೆ ಕೊರೆಯುವುದು ಬೇಡ. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ತಿಳಿ ಬಣ್ಣದವು 6ರಿಂದ 10 ಡಿಗ್ರಿ, ಕಂದು ಬಣ್ಣದವು 10ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ.
- ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ಪರಿಮಳವನ್ನು ಹಿಡಿದಿಡುತ್ತದೆ. ಗ್ಲಾಸು ಓರೆ ಹಿಡಿದು ನಿಧಾನ ಸುರಿಯಿರಿ, ನೊರೆ ಏಳಲಿ.
- ಕುಡಿಯುವ ಮೊದಲು ಮೂಸಿ. ತಿಳಿ ಬಣ್ಣದ್ದರಲ್ಲಿ ಬಾಳೆ, ಕಿತ್ತಳೆ, ಮೆಣಸು, ಲವಂಗ ಸಿಗಬಹುದು. ಕಂದು ಬಣ್ಣದ್ದರಲ್ಲಿ ಒಣದ್ರಾಕ್ಷಿ, ಅಂಜೂರ, ಕಂದಿದ ಸಕ್ಕರೆ ಪಾಕ.
- ಸಣ್ಣ ಗುಟುಕು ಬಾಯಲ್ಲಿ ಎರಡು ಕ್ಷಣ ಹೊರಳಿಸಿ ನುಂಗಿ. ಕೊನೆಗೆ ಗಂಟಲಲ್ಲಿ ಉಳಿಯುವ ಬಿಸುಪು ಆಲ್ಕೋಹಾಲ್‌ನದು. ಗ್ಲಾಸು ಬೆಚ್ಚಗಾದಂತೆ ರುಚಿ ಬದಲಾಗುತ್ತದೆ, ಆತುರಪಟ್ಟರೆ ಅದು ತಪ್ಪಿಹೋಗುತ್ತದೆ.
- ಜೊತೆಗೆ ಊಟವಿರಲಿ, ಪಕ್ಕದಲ್ಲಿ ನೀರಿರಲಿ. ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಪೆಗ್ ಲೆಕ್ಕದಲ್ಲಿ ಎಷ್ಟು?

ಮಿಲಿಲೀಟರ್ ಅನ್ನು ಶೇಕಡಾದಿಂದ ಗುಣಿಸಿ, ಅದನ್ನು 0.79ರಿಂದ ಗುಣಿಸಿದರೆ ಗ್ರಾಂ ಲೆಕ್ಕದಲ್ಲಿ ಆಲ್ಕೋಹಾಲ್ ಸಿಗುತ್ತದೆ.

- 42.8% ವಿಸ್ಕಿ, 30 ಮಿ.ಲೀ. ಪೆಗ್: ಸುಮಾರು 10 ಗ್ರಾಂ
- 5% ಬಿಯರ್, 330 ಮಿ.ಲೀ.: ಸುಮಾರು 13 ಗ್ರಾಂ
- 9.5% ಟ್ರಿಪೆಲ್, 330 ಮಿ.ಲೀ.: ಸುಮಾರು 25 ಗ್ರಾಂ
- ನಮ್ಮಲ್ಲಿ ಸಿಗುವ 8% ಸ್ಟ್ರಾಂಗ್ ಬಿಯರ್, 650 ಮಿ.ಲೀ.: ಸುಮಾರು 41 ಗ್ರಾಂ

ಅಂದರೆ ಪುಟ್ಟ ಟ್ರಿಪೆಲ್ ಬಾಟಲಿ ಎರಡೂವರೆ ಪೆಗ್‌ಗೆ ಸಮ. ಚಿಕ್ಕಪ್ಪ ‘ಜ್ಯೂಸ್’ ಎಂದು ಕುಡಿದದ್ದು ಐದು ಪೆಗ್. ನಮ್ಮ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಕರಗಿಸಬಲ್ಲದು. ಒಂದು ಬಾಟಲಿಗೆ ಸುಮಾರು ಮೂರು ಗಂಟೆ, ಎರಡಕ್ಕೆ ಐದಾರು ಗಂಟೆ ಬೇಕು. ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. ಊಟ ಮಾಡಿದ್ದರೆ ಅಮಲು ನಿಧಾನ ಏರುತ್ತದೆ, ಅಷ್ಟೆ.

ಭಾರತದಲ್ಲಿ ವಾಹನ ಚಲಾಯಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಇಂಥ ಒಂದೇ ಬಾಟಲಿ ಆ ಮಿತಿ ದಾಟಿಸಬಲ್ಲದು. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ರೆಮಾತ್ರೆ ತೆಗೆದುಕೊಳ್ಳುವವರು ಇದರ ಗೊಡವೆಗೇ ಹೋಗಬಾರದು.

ಕೊನೆಯ ಮಾತು

ಬೆಲ್ಜಿಯನ್ ಸ್ಟ್ರಾಂಗ್ ಏಲ್ ಔಷಧಿಯೂ ಅಲ್ಲ, ಜ್ಯೂಸೂ ಅಲ್ಲ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಾಗಿಲ್ಲ. ಕುಡಿಯುವವರು ಮೊದಲು ಲೇಬಲ್ ಓದಲಿ, ನಿಧಾನವಾಗಿ ಸವಿಯಲಿ, ಮನೆಗೆ ಹೋಗುವ ದಾರಿಯನ್ನು ಬಾಟಲಿ ತೆರೆಯುವ ಮೊದಲೇ ಗೊತ್ತುಮಾಡಿಕೊಳ್ಳಲಿ. ‘ಬಿಯರ್ ತಾನೆ, ಏನೂ ಆಗಲ್ಲ’ ಎನ್ನುವವರು ನಿಮ್ಮ ಗುಂಪಿನಲ್ಲೂ ಇದ್ದರೆ ಆ ಪೆಗ್ ಲೆಕ್ಕವನ್ನು ಅವರಿಗೆ ಕಳಿಸಿ.